ಎಲೆಯಲ್ಲಿ ಉಳಿದದ್ದು

ಕನ್ನಡ ಪುಸ್ತಕಗಳ ಬಗ್ಗೆ ನಮ್ಮಲ್ಲಿ ಚಾಲ್ತಿಯಲ್ಲಿರುವುದು ಎರಡೇ ಅಭಿಪ್ರಾಯ. ಒಂದು, 'ಅದ್ಭುತ'. ಇನ್ನೊಂದು, 'ಓದ್ತಾ ಇದೀನಿ'. ಎರಡನೆಯದರ ಅರ್ಥ ಬಲ್ಲವರಿಗೆ ಗೊತ್ತು: ಮೂವತ್ತನೇ ಪುಟದಲ್ಲಿ ಬಸ್ ಟಿಕೆಟ್ಟು ಸಿಕ್ಕಿಸಿ ಕಪಾಟಿನಲ್ಲಿಟ್ಟಿದ್ದೇನೆ, ಇನ್ನು ತೆಗೆಯೋದಿಲ್ಲ ಅಂತ. ಹಾಗಂತ ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳುವುದಾದರೂ ಹೇಗೆ? ಬಹಳಷ್ಟು ಪುಸ್ತಕಗಳು ಸಾವಿರ ಪ್ರತಿ ಅಚ್ಚಾಗುವ ಲೋಕ ಇದು. ಬರೆದವರು, ಮುನ್ನುಡಿಯವರು, ಬೆನ್ನುಡಿಯವರು, ಬಿಡುಗಡೆ ಮಾಡಿದವರು, ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ಹೊಡೆದವರು ಎಲ್ಲ ಒಂದೇ ಮದುವೆಮನೆಯವರು. ಪಂಕ್ತಿಯಲ್ಲಿ ಕೂತು ಸಾರು ಹಳಸಿದೆ ಅನ್ನೋಕಾಗುತ್ತಾ? ಆದರೆ ಎದ್ದುಹೋದ ಮೇಲೆ ಎಲೆ ನೋಡಿದರೆ ಗೊತ್ತಾಗುತ್ತೆ, ಯಾವುದು ಖಾಲಿಯಾಗಿದೆ, ಯಾವುದು ಮೂಲೆಗೆ ಸರಿದಿದೆ ಅಂತ. ಈ ಕೆಲವು ತಿಂಗಳಲ್ಲಿ ನನ್ನ ಎಲೆ ಹೇಗಿತ್ತು ಅನ್ನೋದನ್ನ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅರ್ಧಕ್ಕೆ ಬಿಟ್ಟದ್ದರಲ್ಲಿ ದೊಡ್ಡದು ಭೈರಪ್ಪನವರ 'ಆವರಣ'. 2007ರಲ್ಲಿ ಬಂದ ಪುಸ್ತಕ. ಬಂದ ಕೆಲವೇ ತಿಂಗಳಲ್ಲಿ ಮರುಮುದ್ರಣದ ಮೇಲೆ ಮರುಮುದ್ರಣ ಕಂಡದ್ದು. ಅದರ ಪರವಾಗಿ, ವಿರೋಧವಾಗಿ ಆದ ಜಗಳಗಳನ್ನ ಓದಿದಷ್ಟು ಪುಸ್ತಕವನ್ನು ಯಾರೂ ಓದಿರಲಿಕ್ಕಿಲ್ಲ ಅನ್ನೋದು ನನ್ನ ಗುಮಾನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಬಿಟ್ಟದ್ದು ಅದರ ರಾಜಕೀಯಕ್ಕಲ್ಲ. ಒಪ್ಪದ ಪುಸ್ತಕಗಳನ್ನ ಕೊನೆವರೆಗೂ ಓದುವ ಅಭ್ಯಾಸ ನನಗಿದೆ, ಜಗಳ ಆಡುವ ಸುಖವೂ ಓದಿನ ಸುಖವೇ. ಲಕ್ಷ್ಮಿ ಅಮೀರನನ್ನು ಮದುವೆಯಾಗಿ ರಜಿಯಾ ಆಗುವುದು, ಅಪ್ಪ ತೀರಿಕೊಂಡ ಮೇಲೆ ಊರಿಗೆ ಹೋಗಿ ಅವರ ಪುಸ್ತಕದ ರಾಶಿಯ ಮುಂದೆ ಕೂರುವುದು. ಇಲ್ಲಿ ಎಂಥ ಕಾದಂಬರಿ ಇತ್ತು ನೋಡಿ! ಮಗಳ ಜೊತೆ ಮಾತು ಬಿಟ್ಟ ಅಪ್ಪ ಒಂಟಿಯಾಗಿ ಕೂತು ಏನೇನು ಓದಿದ, ಎಲ್ಲೆಲ್ಲಿ ಗೆರೆ ಎಳೆದ ಅನ್ನೋದನ್ನ ಮಗಳು ಹುಡುಕುತ್ತಾ ಹೋಗುವುದು. ಅಷ್ಟೇ ಸಾಕಿತ್ತು. ಆದರೆ ಅಲ್ಲಿಂದ ಮುಂದೆ ಮಗಳು ಅಪ್ಪನನ್ನು ಹುಡುಕೋದಿಲ್ಲ, ಪುರಾವೆ ಹುಡುಕುತ್ತಾಳೆ. ಪ್ರೊಫೆಸರ್ ಶಾಸ್ತ್ರಿ ಬಂದಾಗಲೆಲ್ಲ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಸೋಲಲಿಕ್ಕೆಂದೇ ಕರೆಸಿಕೊಂಡ ಪೈಲ್ವಾನ ಆತ. ಅಖಾಡಕ್ಕೆ ಇಳಿಯುವ ಮೊದಲೇ ಬೆನ್ನಿಗೆ ಮಣ್ಣು ಬಳಿದು ಕಳಿಸಿದ್ದಾರೆ. ಅರ್ಧ ದಾಟಿದ ಮೇಲೆ ಕೊನೆಯ ಪುಟಗಳನ್ನು ತಿರುವಿದೆ. ಆಕರಗ್ರಂಥಗಳ ಪಟ್ಟಿ ಇತ್ತು. ಮಡಚಿಟ್ಟೆ. ಕಾದಂಬರಿಗೆ ಸಾಕ್ಷಿ ಬೇಕಾಗುವುದು ಅದರ ಪಾತ್ರಗಳ ಮೇಲೆ ಬರೆದವರಿಗೇ ನಂಬಿಕೆ ಸಾಲದಾದಾಗ.

ಇದನ್ನ ಇಷ್ಟು ಖಾರವಾಗಿ ಹೇಳಲಿಕ್ಕೆ ಕಾರಣ ಅದೇ ಲೇಖಕರ 'ಪರ್ವ'. 1979ರದ್ದು. ಅದಕ್ಕೂ ಅವರು ಊರೂರು ತಿರುಗಿ, ವರ್ಷಗಟ್ಟಲೆ ಓದಿ ಸಿದ್ಧವಾದವರೇ. ಆದರೆ ಆ ಓದೆಲ್ಲ ಎಲ್ಲಿ ಹೋಯ್ತು? ಮದ್ರದೇಶದ ಮುದುಕ ಶಲ್ಯನ ಮನೆಯ ಚಿಂತೆಯೊಳಗೆ ಹೋಯ್ತು. ಕುಂತಿಯ ನೆನಪಿನೊಳಗೆ, ದ್ರೌಪದಿಯ ಸಿಟ್ಟಿನೊಳಗೆ ಕರಗಿಹೋಯ್ತು. ಒಬ್ಬೊಬ್ಬರೂ ತಮ್ಮ ತಲೆಯೊಳಗೆ ಕೂತು ಪುಟಗಟ್ಟಲೆ ಮಾತಾಡಿಕೊಳ್ಳುತ್ತಾರೆ, ಒಬ್ಬರ ನ್ಯಾಯ ಇನ್ನೊಬ್ಬರಿಗೆ ಅನ್ಯಾಯ, ಭೈರಪ್ಪನವರು ನಡುವೆ ಬಾಯಿ ಹಾಕೋದಿಲ್ಲ. 'ಗೃಹಭಂಗ'ದ ಗಂಗಮ್ಮನ ಬಾಯಿ ನೆನಪಿದೆಯಲ್ಲ? ಆ ಹೊಟ್ಟೆಬಾಕ ಚೆನ್ನಿಗರಾಯ? ನಂಜಮ್ಮನ ಬದುಕನ್ನು ನುಂಗಿ ನೀರು ಕುಡಿದವರು ಅವರು. ಓದುವಾಗ ಅವರನ್ನು ಬೈದುಕೊಳ್ಳುವ ಕೆಲಸ ನಮ್ಮದು, ಲೇಖಕರದಲ್ಲ. ಗಂಗಮ್ಮನಿಗೆ ಸಿಕ್ಕ ಸ್ವಾತಂತ್ರ್ಯ ಪ್ರೊಫೆಸರ್ ಶಾಸ್ತ್ರಿಗೆ ಸಿಗಲಿಲ್ಲ. ನನ್ನ ತಕರಾರು ಇಷ್ಟೇ. ಭೈರಪ್ಪನವರ ಅಭಿಮಾನಿಗಳಿಗೆ ಇದು ಹಿಡಿಸಲಿಕ್ಕಿಲ್ಲ, ವಿರೋಧಿಗಳಿಗೂ ಹಿಡಿಸಲಿಕ್ಕಿಲ್ಲ, ಯಾಕಂದ್ರೆ 'ಗೃಹಭಂಗ'ವನ್ನ ನಾನು ಮೂರು ಸಲ ಓದಿದೀನಿ.

ನಡುವೆ ಒಂದು ಅನುವಾದ ಕೈಗೆ ಬಂತು. ಹೆಸರು ಬೇಡ. 'ಅವನು ತನ್ನ ಕೈಗಳನ್ನು ತನ್ನ ಜೇಬುಗಳಲ್ಲಿ ತೂರಿಸಿಕೊಂಡವನಾಗಿ ತನ್ನ ಭುಜಗಳನ್ನು ಮೇಲಕ್ಕೆತ್ತಿದನು' ಅನ್ನುವ ಧಾಟಿ. ಕನ್ನಡದ ಮನುಷ್ಯ ಜೇಬಿಗೆ ಕೈ ಹಾಕಿಕೊಳ್ಳುತ್ತಾನೆ, ಅದು ಅವನದೇ ಕೈ, ಅವನದೇ ಜೇಬು ಅನ್ನೋದು ನಮಗೆ ಗೊತ್ತಾಗುತ್ತೆ ಸ್ವಾಮಿ. ಹನ್ನೊಂದನೇ ಪುಟಕ್ಕೆ ಕೈಮುಗಿದೆ. ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಬೇಟೆಯ ಕತೆಗಳನ್ನ ಭಾವಾನುವಾದ ಮಾಡಿದಾಗ ಮೂಲಕ್ಕೆ ನಿಷ್ಠೆ ಸಾಲದು ಅಂತ ಮೂಗು ಮುರಿಯುವವರು ಇದ್ದಾರೆ. ಆದರೆ 'ಮುನಿಶಾಮಿ ಮತ್ತು ಮಾಗಡಿ ಚಿರತೆ'ಯನ್ನ ಯಾರಾದರೂ ಹನ್ನೊಂದನೇ ಪುಟಕ್ಕೆ ಬಿಟ್ಟದ್ದು ಕೇಳಿದ್ದೀರಾ?

ಇನ್ನು 'ಕುಸುಮಬಾಲೆ'. ದೇವನೂರ ಮಹಾದೇವ, 1984. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1990ರಲ್ಲಿ. ಇದನ್ನ ಮೊದಲು ಕನ್ನಡಕ್ಕೆ ಅನುವಾದ ಮಾಡಿಕೊಡಿ ಅನ್ನುವ ಜೋಕು ಪುಸ್ತಕದಷ್ಟೇ ಹಳೆಯದು. ಕನ್ನಡದಲ್ಲಿ ಅತಿ ಹೆಚ್ಚು ಜನ ಹೊಗಳಿದ, ಅತಿ ಹೆಚ್ಚು ಜನ ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಅಂತ ಸ್ಪರ್ಧೆ ಇಟ್ಟರೆ ಇದಕ್ಕೇ ಬಹುಮಾನ. ತೆಳ್ಳಗಿನ ಪುಸ್ತಕ, ಎರಡು ಸಂಜೆಯ ಓದು ಅನ್ನಿಸುತ್ತೆ. ನಾನು ಹಾಸನದ ಕಡೆಯವನು, ನಂಜನಗೂಡು ಸೀಮೆಯ ಆ ಮಾತು ಕಣ್ಣಿಗೆ ಬಿದ್ದರೆ ಅಕ್ಷರ ಜೋಡಿಸಿಕೊಂಡು ಓದುವ ಒಂದನೇ ಕ್ಲಾಸಿನ ಹುಡುಗನ ಹಾಗೆ ಆಗುತ್ತೆ. ಎರಡು ಸಲ ಕೆಳಗಿಟ್ಟಿದ್ದೆ. ಈ ಸಲ ಆದದ್ದು ಬೇರೆ. ಆ ಕಡೆಯ ಸಹೋದ್ಯೋಗಿಯೊಬ್ಬರು ಊಟದ ಬಿಡುವಿನಲ್ಲಿ ಎರಡು ಪುಟ ಗಟ್ಟಿಯಾಗಿ ಓದಿದರು. ಟಿಫನ್ ಕ್ಯಾರಿಯರ್ ಮುಚ್ಚಳ ಹಾಕೋದು ಬಿಟ್ಟು ಅಕ್ಕಪಕ್ಕದವರೂ ಕೇಳ್ತಾ ಕೂತರು. ಪುಟದ ಮೇಲೆ ಮುಳ್ಳಿನಂತೆ ಚುಚ್ಚುತ್ತಿದ್ದ ಒತ್ತಕ್ಷರಗಳೆಲ್ಲ ಉಸಿರಿನ ಲೆಕ್ಕ ಅಂತ ಆಗ ತಿಳಿಯಿತು. ಎಲ್ಲಿ ನುಂಗಬೇಕು, ಎಲ್ಲಿ ಎಳೆಯಬೇಕು ಅಂತ.

ಆಮೇಲೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಪೂರ್ತಿ ಗಟ್ಟಿಯಾಗಿ ಓದಿದೆ. ಊರ ಮನೆಗಳ ದೀಪಗಳು ರಾತ್ರಿ ಜೋತಮ್ಮಗಳಾಗಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಭಾಗ ಇದೆಯಲ್ಲ, ಅದನ್ನ ಮ್ಯಾಜಿಕ್ ರಿಯಲಿಸಂ ಗೀಯಲಿಸಂ ಅಂತ ಕರೆಯುವವರ ಜೊತೆ ನನಗೆ ಮಾತಿಲ್ಲ. ಮನೆಯೊಳಗೆ ನಡೆದದ್ದನ್ನ ನೋಡಿದ್ದು ದೀಪ, ಅದು ಬಿಟ್ಟು ಇನ್ಯಾರು ಹೇಳಬೇಕು? ಚೆನ್ನನ ಕೊಲೆಯಾಗಿದೆ, ಅವನ ಮನೆಯವರು ಮಗ ಬೊಂಬಾಯಿಗೆ ಹೋಗಿದಾನೆ ಅಂದುಕೊಂಡಿದ್ದಾರೆ. ಊರು ನುಂಗಿಕೊಂಡ ಮಾತು ಅದು. ಶಿಷ್ಟ ಕನ್ನಡದಲ್ಲಿ ಬರೆದಿದ್ದರೆ ಪೊಲೀಸ್ ಸ್ಟೇಶನ್ನಿನ ಎಫ್ಐಆರ್ ಆಗುತ್ತಿತ್ತು. ಆ ಊರಿನ ಗಂಟಲಲ್ಲೇ ಬಂದದ್ದರಿಂದ ಊರೇ ಸಾಕ್ಷಿಗೆ ನಿಂತ ಹಾಗಿದೆ. ಆದರೂ ಒಂದು ಮಾತು: ಎರಡು ಮೂರು ಕಡೆ ಯಾರು ಯಾರಿಗೆ ಏನಾಗಬೇಕು ಅನ್ನುವ ಎಳೆ ಈಗಲೂ ನನಗೆ ಹಿಡಿಯಲು ಸಿಗಲಿಲ್ಲ. ಸಿಕ್ಕಿತು ಅಂತ ಹೇಳಿಕೊಂಡು ತಿರುಗುವವರಲ್ಲಿ ಅರ್ಧ ಜನ ಸುಳ್ಳು ಹೇಳ್ತಿದಾರೆ ಅಂತ ನನಗೆ ಗ್ಯಾರಂಟಿ.

ವಸುಧೇಂದ್ರರ 'ತೇಜೋ ತುಂಗಭದ್ರಾ'ವನ್ನ ಮೂರೇ ದಿನದಲ್ಲಿ ಮುಗಿಸಿದೆ, ನಿದ್ದೆಗೆಟ್ಟು. ಲಿಸ್ಬನ್ನಿನಿಂದ ಹೊರಟ ಹಡಗಿನ ಭಾಗ ಕನ್ನಡಕ್ಕೆ ಹೊಸದು. ಉಪ್ಪುನೀರು, ರೋಗ, ಹಸಿವು ಮೂಗಿಗೇ ಬಡಿಯುತ್ತೆ. ಅಲ್ಲಲ್ಲಿ ಪಾತ್ರಗಳು ತಮಗೆ ಗೊತ್ತಿರುವುದನ್ನೇ ನಮಗೋಸ್ಕರ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತವೆ. ಹೋಗಲಿ ಬಿಡಿ, ಹಡಗು ಮುಂದೆ ಹೋಗುತ್ತಾ ಇರುತ್ತಲ್ಲ.

ವಿವೇಕ ಶಾನಭಾಗರ 'ಸಕೀನಾಳ ಮುತ್ತು' ಬಿಡಬೇಕು ಅಂತ ಅನ್ನಿಸಿದ್ದು ಬೇರೆಯೇ ಕಾರಣಕ್ಕೆ. ಕತೆ ಹೇಳುವ ವೆಂಕಟನ ಜೊತೆ ಇನ್ನೂರು ಪುಟ ಕೂರೋದು ಕಷ್ಟ. ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನ ಓದಿ ತಿದ್ದಿಕೊಂಡ ಮನುಷ್ಯ, ಸಂಬಳ, ಫ್ಲ್ಯಾಟು, ಹೆಂಡತಿ ವಿಜಿ, ಕಾಲೇಜಿಗೆ ಹೋಗುವ ಮಗಳು ರೇಖಾ. ಮಗಳನ್ನ ಕೇಳಿಕೊಂಡು ಇಬ್ಬರು ಹುಡುಗರು ಬಾಗಿಲಿಗೆ ಬರುತ್ತಾರೆ, ಅಲ್ಲಿಂದ ಶುರು. ಎಲ್ಲವನ್ನೂ ಎಷ್ಟು ಸಮಾಧಾನವಾಗಿ, ಎಷ್ಟು ನ್ಯಾಯವಾಗಿ ಹೇಳ್ತಾನೆ ಅಂದ್ರೆ, ಇವನು ಏನೋ ಮುಚ್ಚಿಡುತ್ತಿದ್ದಾನೆ ಅನ್ನೋದು ನಮಗೆ ಹೊಳೆಯುವಷ್ಟರಲ್ಲಿ ನಾವೂ ಅವನ ಕಡೆಗೇ ತಲೆ ಆಡಿಸಿರುತ್ತೇವೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ದಿನಾ ಸಿಗುವ ಮನುಷ್ಯ. ಶಾನಭಾಗರು ಒಂದೇ ಒಂದು ಸಲವೂ ಅವನ ಭುಜದ ಹಿಂದಿನಿಂದ ನಮಗೆ ಕಣ್ಣು ಹೊಡೆಯೋದಿಲ್ಲ. ಮೈಕು ಕೊಟ್ಟು ಪಕ್ಕಕ್ಕೆ ಸರಿದಿದ್ದಾರೆ, ಅವನೇ ತನ್ನ ಬಾಯಿಂದ ಸಿಕ್ಕಿಬೀಳಲಿ ಅಂತ. 'ಆವರಣ'ದ ಪಕ್ಕದಲ್ಲಿ ಇಟ್ಟು ಓದಿದ್ದರಿಂದ ಇದು ಇನ್ನೂ ಎದ್ದು ಕಂಡಿತು. ಕೊನೆ ಮಾತ್ರ ನನಗೆ ಸಾಲಲಿಲ್ಲ. ರಮಣನ ಎಳೆಯನ್ನ ಅಷ್ಟು ಎಳೆದು ತಂದು, ಹಾಗೆ ಕೈಬಿಡಬಾರದಿತ್ತು.

ಕೊನೆಗೆ 'ಮಲೆಗಳಲ್ಲಿ ಮದುಮಗಳು'. ಇದರ ಮೊದಲಿಗೇ ಕುವೆಂಪು ಬರೆದ ಮಾತುಗಳು ಕರ್ನಾಟಕಕ್ಕೆಲ್ಲ ಬಾಯಿಪಾಠ. ವಾಟ್ಸ್ಯಾಪ್ ಸ್ಟೇಟಸ್ಸಿಗೆ, ಟೀ ಶರ್ಟಿಗೆ, ನಿವೃತ್ತಿ ಸಮಾರಂಭದ ಭಾಷಣಕ್ಕೆ ಎಲ್ಲಕ್ಕೂ ಆಗುತ್ತೆ. ಪುಟ ತಿರುವಿದವರು ಎಷ್ಟು ಜನವೋ. 1967ರ ಈ ದಪ್ಪ ಪುಸ್ತಕವನ್ನ ಓದುವವರು ಬಿಡುವುದೆಲ್ಲ ಸಾಮಾನ್ಯವಾಗಿ ಮೊದಲ ನೂರು ಪುಟದಲ್ಲಿ. ನಾಯಿಗುತ್ತಿ, ಅವನ ನಾಯಿ ಹುಲಿಯ, ಕಾಡು, ಗುಡ್ಡ, ಒಂದು ಮನೆಯಿಂದ ಇನ್ನೊಂದು ಮನೆಗೆ ನಡಿಗೆ, ಒಂದೊಂದು ಮನೆಗೂ ಹತ್ತು ಹೆಸರು. ಯಾರು ಕೋಣೂರಿನವರು, ಯಾರು ಬೆಟ್ಟಳ್ಳಿಯವರು, ಯಾರು ಹಳೆಮನೆಯವರು ಅಂತ ನಾನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಬರೆದುಕೊಳ್ಳಿ, ನಾಚಿಕೆ ಏನಿಲ್ಲ. ನೂರೈವತ್ತು ದಾಟಿದ ಮೇಲೆ ಹಾಳೆ ಬೇಡವಾಯ್ತು. ಐತ, ಪೀಂಚಲು ಬಂದರೆ ನೆಂಟರು ಬಂದ ಹಾಗೆ.

ಮುಗಿಸಿದ್ದೀರಾ ಅಂತ ಕೇಳಿದರೆ, ಇಲ್ಲ. ಇಡೀ ರಾತ್ರಿ ನಡೆಯುವ ಅದರ ನಾಟಕವನ್ನ ನೋಡಿದ್ದೇನೆ. ಉಕ್ಕಿದ ತುಂಗೆ ದಾಟುವಾಗ ಹುಲಿಯನಿಗೆ ಏನಾಗುತ್ತೆ ಅಂತ ಗೊತ್ತು. ಆರು ವಾರದಿಂದ ಪುಸ್ತಕ ಮೇಜಿನ ಮೇಲೇ ಇದೆ, ಟಿಕೆಟ್ಟು ಕೊನೆಗಿಂತ ನಲವತ್ತು ಪುಟ ಹಿಂದೆ. ಗುತ್ತಿ ತಿಮ್ಮಿಯರು ಇನ್ನೂ ಹೊಳೆಯ ಈಚೆಗೇ ಇದ್ದಾರೆ, ನಾಯಿಯೂ ಇದೆ.