ಕ್ರೈಸ್ತಗ್ರಂಥಗಳಲ್ಲಿ ‘ಪುನರ್ಜನ್ಮ’

ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸುವು ನಿಕೊದೇಮನಿಗೆ ಬೋಧಿಸುವ ಹುಟ್ಟನ್ನು ‘ಪುನರ್ಜನ್ಮ’ವೆಂದು ಕನ್ನಡಿಸುವುದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ. ಮೂಲದಲ್ಲಿರುವ ‘ಆನೋಥೆನ್’ ಎಂಬ ಗ್ರೀಕ್ ಶಬ್ದಕ್ಕೆ ‘ಮತ್ತೆ’ ಎಂದೂ ‘ಮೇಲಿನಿಂದ’ ಎಂದೂ ಎರಡರ್ಥಗಳುಂಟು. ನಿಕೊದೇಮನು ಮೊದಲನೆಯದನ್ನೇ ಹಿಡಿದು, ಮುದುಕನು ತಾಯ ಗರ್ಭವನ್ನು ಹೊಗುವುದೆಂತೆಂದು ಬೆರಗಾಗುವನು. ನಮ್ಮ ಓದುಗನಾದರೋ ‘ಪುನರ್ಜನ್ಮ’ವೆಂದೊಡನೆ ಕರ್ಮವನ್ನೂ ದೇಹಾಂತರವನ್ನೂ ನೆನೆಯುವನು, ಇಲ್ಲಿ ಹೇಳಿರುವುದು ಈ ದೇಹವಿರುವಾಗಲೇ ಆಗತಕ್ಕ ಹುಟ್ಟು. ವೀರಶೈವರು ದೀಕ್ಷೆ ಪಡೆದವನನ್ನು ಗುರುವಿನ ‘ಕರಕಮಲಸಂಜಾತ’ನೆನ್ನುವರು. ತತ್ತ್ವಭೇದವೆಷ್ಟೇ ಇರಲಿ, ಹುಟ್ಟು ಯಾರಿಂದ ಬಂದಿತೆಂಬುದನ್ನು ಆ ಪದವು ಮರೆಸುವುದಿಲ್ಲ.

ಇದು ಪಂಡಿತರ ಶಬ್ದಕಲಹ ಮಾತ್ರವಲ್ಲ. ಪಾಲಹಳ್ಳಿಗೆ ಅನತಿದೂರದಲ್ಲಿರುವ ಶ್ರೀರಂಗಪಟ್ಟಣಕ್ಕೆ 1799ರ ತರುವಾಯ ಬಂದ ಅಬ್ಬೆ ದುಬಾಯ್ ಅವರು, ಟಿಪ್ಪುವಿನ ಕಾಲದಲ್ಲಿ ಬಲಾತ್ಕಾರದಿಂದ ಮತಾಂತರ ಹೊಂದಿದ್ದ ಕ್ರೈಸ್ತರನ್ನು ಮರಳಿ ಸಭೆಗೆ ಸೇರಿಸಿಕೊಂಡರು. ಕಥೋಲಿಕರಲ್ಲಿ ಜ್ಞಾನಸ್ನಾನವು ಒಮ್ಮೆಯೇ. ಆದುದರಿಂದ ಹಿಂದಿರುಗಿ ಬಂದವನು ಮತ್ತೆ ಹುಟ್ಟಿದವನಲ್ಲ, ಮನೆಗೆ ಬಂದ ಮಗನು. ಹುಟ್ಟು ಒಂದು, ಬೆಳೆವಣಿಗೆಯಲ್ಲಿ ಎಡವುವುದೂ ಏಳುವುದೂ ಹಲವು ಬಾರಿ. ‘ಪುನಃ’ ಎಂಬ ಉಪಪದವು ಈ ಭೇದವನ್ನೇ ಅಳಿಸಿಬಿಡುವುದು.

ದುಬಾಯ್ ಅವರೇ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ದೇಶಭಾಷೆಗಳ ಬೈಬಲ್ ಭಾಷಾಂತರಗಳನ್ನು ಕಟುವಾಗಿ ಖಂಡಿಸಿದರು. ಹಿಂದೂಗಳ ಮತಾಂತರವನ್ನು ಕುರಿತು ಅವರು ತಾಳಿದ ನಿರಾಶೆಯ ವಿಚಾರ ಬೇರೆ. ಭಾಷೆಯ ಮಾತಿನಲ್ಲಿ ಅವರ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ‘ಮೇಲಿಂದಾದ ಹುಟ್ಟು’ ಎಂದರೆ ‘ಮತ್ತೆ’ ಎಂಬರ್ಥವು ಬಿಟ್ಟುಹೋಗುವುದು ದಿಟ; ಅದನ್ನು ಟಿಪ್ಪಣಿಯಲ್ಲಿ ಹೇಳಬಹುದು.