ಮುದ್ದೆ ಮುರಿಯುವ ಮುನ್ನ ಒಂದು ಲೋಟ ನೀರು

ತುಮಕೂರು ಜಿಲ್ಲೆಯ ಊಟ-ತಿಂಡಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಅದರ ಮೇಲಿನ ಬೆಣ್ಣೆಯನ್ನು ಹಾಡಿ ಹೊಗಳಿ, ಹೆದ್ದಾರಿ ಹಿಡಿದು ಹೊರಟುಬಿಡುತ್ತಾರೆ. ಜಿಲ್ಲೆಯ ಉತ್ತರಕ್ಕಿರುವ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಅವರ ಕಣ್ಣಿಗೆ ಬೀಳುವುದು ಕಡಿಮೆ. ಬಿದ್ದರೂ ಬೆಟ್ಟ, ಕೋಟೆ, ದೇವಸ್ಥಾನ ಎಂದು ಬರೆಯುತ್ತಾರೆಯೇ ಹೊರತು, ಅಲ್ಲಿಗೆ ಹೋದವನಿಗೆ ಹಸಿವಾದರೆ ಎಲ್ಲಿ ಕೂರಬೇಕು ಎಂಬುದನ್ನು ಬರೆಯುವುದಿಲ್ಲ.

ನಮ್ಮ ಅಬ್ಬಾ ಹುಣಸೆಹಣ್ಣಿನ ವ್ಯಾಪಾರಿಯಾಗಿದ್ದರು. ಬೇಸಿಗೆ ರಜೆಯಲ್ಲಿ ನಾವು ಅವರ ಜೊತೆ ಲಾರಿಯಲ್ಲಿ ಈ ನಾಲ್ಕೂ ತಾಲ್ಲೂಕು ಸುತ್ತಿದ್ದೇವೆ. ಮುಂದೆ ಕಥೆ ಬರೆಯತೊಡಗಿದ ಮೇಲೆ ಶಾಲೆ-ಕಾಲೇಜುಗಳ ಕಾರ್ಯಕ್ರಮಕ್ಕೆಂದು ಅದೇ ದಾರಿಗಳಲ್ಲಿ ಮತ್ತೆ ಓಡಾಡಿದ್ದೇವೆ. ಆ ಅನುಭವದ ಬಲದಿಂದ ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ. ಕಥೆ-ಕವಿತೆಯ ವಿಮರ್ಶೆಗೆ ಮಾನದಂಡ ಬೇಕೆಂದು ವಾದಿಸುವ ನಾವು, ಹೋಟೆಲಿನ ವಿಮರ್ಶೆಗೆ ನಾಲಿಗೆಯೊಂದೇ ಸಾಕೆಂದು ಏಕೆ ತಿಳಿದಿದ್ದೇವೆ? ರುಚಿ ಬೇಕು, ನಿಜ. ಆದರೆ ಬಾಗಿಲಲ್ಲಿ ಕೇಳಿಸಿದ ಮೊದಲ ಮಾತು, ಕೂರಲು ತೋರಿಸಿದ ಜಾಗ, ಮುಂದೆ ತಂದಿಟ್ಟ ನೀರು ಇವನ್ನೂ ತೂಗಬೇಕು.

ಶಿರಾದಿಂದಲೇ ಆರಂಭಿಸೋಣ. 1687ರಲ್ಲಿ ಮೊಗಲರ ವಶವಾಗಿ ಒಂದು ಸುಬಾದ ಕೇಂದ್ರವಾಗಿದ್ದ ಊರಿದು. 1696ರ ಜುಮ್ಮಾ ಮಸೀದಿ ಈಗಲೂ ಇದೆ. ಬಿಜಾಪುರದ ಕಾಲದ ಮಲಿಕ್ ರಿಹಾನ್ ದರ್ಗಾ ಇದೆ. ಈ ಚರಿತ್ರೆ ಓದಿಕೊಂಡು ಬಂದ ಗೆಳೆಯರೊಬ್ಬರು ಇಲ್ಲಿ ಮೊಗಲಾಯಿ ಅಡುಗೆ ಹುಡುಕಿ ನಿರಾಶರಾದರು. ನಾವು ಅವರನ್ನು ನಮ್ಮವರೇ ನಡೆಸುವ ಒಂದು ಚಿಕ್ಕ ಹೋಟೆಲಿಗೆ ಕರೆದೊಯ್ದೆವು. ಅಲ್ಲಿ ಕುಷ್ಕಾ ಇತ್ತು, ಕೈಮಾ ಇತ್ತು. ಆದರೆ ಹೆಚ್ಚು ಖರ್ಚಾಗುತ್ತಿದ್ದದ್ದು ರಾಗಿ ಮುದ್ದೆ ಮತ್ತು ತಲೆಕಾಲು ಸಾರು. ಕುರಿ ಮಾರಲು ಬಂದವರು ಕಂಬಳಿ ಹೆಗಲಿಗೇರಿಸಿ, ನಮಾಜು ಮುಗಿಸಿ ಬಂದವರ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದರು. 'ಅಪ್ಪಟ ನಮ್ಮ ನಾಡಿನ ಊಟ' ಎಂದರು ಗೆಳೆಯರು. ರಾಗಿಯ ಮೂಲ ಪೂರ್ವ ಆಫ್ರಿಕಾ. ಸಾರಿನ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಬೆಳೆಸಿದ ತಳಿಗಳಿಗೆ 'ಇಂಡಾಫ್' ಎಂದೇ ಹೆಸರು. ತಟ್ಟೆಯಲ್ಲಿರುವುದೇ ಇಷ್ಟು ದೂರದಿಂದ ಬಂದು ನಮ್ಮದಾಗಿರುವಾಗ, ಬೆಂಚಿನ ಮೇಲೆ ಕೂತವನ ಮೂಲ ಕೇಳುವುದು ಯಾವ ನ್ಯಾಯ?

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವವರು ಬೆಳಿಗ್ಗೆ ಬೇಗ ಹೊರಡಬೇಕು. ಬಿಸಿಲೇರಿದರೆ ಬಂಡೆ ಕಾದ ಹೆಂಚಿನಂತಾಗುತ್ತದೆ. ಊರಲ್ಲಿ ಒಬ್ಬ ಅಜ್ಜಿಯ ಇಡ್ಲಿ ಅಂಗಡಿಯಿತ್ತು. ವಿಮರ್ಶಕರಾಗಿ ಹೇಳುವುದಾದರೆ ಇಡ್ಲಿ ಹೂವಿನಂತಿತ್ತು, ಚಟ್ನಿ ಮಾತ್ರ ಒಂಬತ್ತು ಗಂಟೆಯ ಹೊತ್ತಿಗೆ ನೀರಾಗಿರುತ್ತಿತ್ತು. ಆದರೆ "ಬನ್ನಿ ಸಾಬ್ರೇ, ಕೂತ್ಕಳಿ" ಎನ್ನುವ ದನಿಯಲ್ಲೇ ಆಕೆ ಗೌಡರನ್ನೂ ಕರೆಯುತ್ತಿದ್ದಳು, ಪೌರಕಾರ್ಮಿಕರನ್ನೂ ಕರೆಯುತ್ತಿದ್ದಳು. ಅಂಗಡಿಯಲ್ಲಿ ಇದ್ದದ್ದು ಒಂದೇ ಬೆಂಚು.

ಕೊರಟಗೆರೆ ತಾಲ್ಲೂಕಿನಲ್ಲಿ ನಮ್ಮ ನೆನಪಿನಲ್ಲಿ ಉಳಿದದ್ದು ಹೋಟೆಲಲ್ಲ, ಗೊರವನಹಳ್ಳಿ ಮಹಾಲಕ್ಷ್ಮಿ ಕ್ಷೇತ್ರದ ದಾಸೋಹ. ಗೆಳೆಯರ ಒತ್ತಾಯಕ್ಕೆ ಸಂಕೋಚದಿಂದಲೇ ಸಾಲಿನಲ್ಲಿ ಕೂತೆವು. ಬಡಿಸುವವರು ಎಲೆ ನೋಡಿದರು, ಮುಖ ನೋಡಲಿಲ್ಲ. ಇದೇ ಜಿಲ್ಲೆಯ ಸಿದ್ಧಗಂಗಾ ಮಠದಲ್ಲಿ, 2019ರಲ್ಲಿ ನಮ್ಮನ್ನಗಲಿದ ಶಿವಕುಮಾರ ಸ್ವಾಮೀಜಿಯವರು ಎಲ್ಲ ಜಾತಿ-ಧರ್ಮಗಳ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟರು. ಹಸಿದವನ ಹೆಸರು ಕೇಳದಿರುವುದು ಈ ಮಣ್ಣಿಗೆ ಹೊಸದೇನಲ್ಲ.

ಪಾವಗಡಕ್ಕೆ ಮೂರು ಕಡೆ ಆಂಧ್ರ. ಇಲ್ಲಿನ ಮಂಡಕ್ಕಿ ಒಗ್ಗರಣೆ ಗಡಿ ದಾಟಿದರೆ 'ಉಗ್ಗಾನಿ' ಆಗುತ್ತದೆ, ಮುದ್ದೆ 'ಸಂಗಟಿ' ಆಗುತ್ತದೆ. ನಮಗೆ ಪರಿಚಯವಿದ್ದ ಹೋಟೆಲಿನವರು ಒಲೆಯ ಮುಂದೆ ತೆಲುಗು, ಗಲ್ಲಾದಲ್ಲಿ ಕನ್ನಡ, ನಮ್ಮೊಡನೆ ದಖ್ಖನಿ ಉರ್ದು ಆಡುತ್ತಿದ್ದರು. ಅವರ ಕಡಲೆಕಾಯಿ ಚಟ್ನಿಯನ್ನು ಮೀರಿಸಿದ್ದನ್ನು ನಾವು ಬೇರೆಲ್ಲೂ ತಿಂದಿಲ್ಲ. ಇಂದು ತಿರುಮಣಿ ಸುತ್ತಿನ ಸುಮಾರು 13 ಸಾವಿರ ಎಕರೆಯಲ್ಲಿ ಸೌರ ಫಲಕಗಳು ನಿಂತಿವೆ. ಮಳೆ ನಂಬಿ ಬಿತ್ತುತ್ತಿದ್ದ ಎಷ್ಟೋ ರೈತರು ಈಗ ವರ್ಷಕ್ಕೊಮ್ಮೆ ಗುತ್ತಿಗೆ ಹಣ ಪಡೆಯುತ್ತಾರೆ. ಆದರೆ ಪಾವಗಡದಲ್ಲಿ ಎಲ್ಲಕ್ಕಿಂತ ದುಬಾರಿ ಪದಾರ್ಥ ನೀರು. ಇಲ್ಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಅದು ಮಕ್ಕಳ ಹಲ್ಲಿಗೆ ಕಲೆ ಕಟ್ಟುತ್ತದೆ, ದೊಡ್ಡವರ ಮೂಳೆ-ಕೀಲುಗಳನ್ನು ಬಿಗಿಯುತ್ತದೆ. ಅಂಥ ಊರಲ್ಲಿ ಆ ಹೋಟೆಲಿನವರು ದುಡ್ಡು ಕೊಟ್ಟು ತರಿಸಿದ ಶುದ್ಧ ನೀರನ್ನು, ನಾವು ಕೇಳುವ ಮೊದಲೇ ಲೋಟದ ತುಂಬ ತಂದಿಡುತ್ತಿದ್ದರು. ಬರೀ ಟೀ ಕುಡಿಯಲು ಬಂದವನಿಗೂ ಅದೇ ನೀರು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸುಖವಾದ ಬರಹವಾಗುತ್ತಿತ್ತು. ಆದರೆ ನೀರಿನ ಮಾತು ಬಂದ ಮೇಲೆ ಇನ್ನೊಂದು ಲೋಟದ ಮಾತು ಆಡಲೇಬೇಕು.

ಈ ನಾಲ್ಕು ತಾಲ್ಲೂಕುಗಳ ಒಂದು ರಸ್ತೆ ಬದಿಯ ಹೋಟೆಲಿನ ಮಸಾಲೆ ವಡೆಯನ್ನು ಹಿಂದೊಮ್ಮೆ ನಾವು ಪ್ರಬಂಧವೊಂದರಲ್ಲಿ ಬಹಳ ಹೊಗಳಿದ್ದೆವು. ಆ ಹೋಟೆಲಿಗೆ ಅಬ್ಬಾ ಜೊತೆ ಹೋಗುವಾಗ, ಮರ ಹತ್ತಿ ಹುಣಸೆ ಬಡಿಯುತ್ತಿದ್ದ ದಲಿತ ಕೇರಿಯ ಹಿರಿಯರೊಬ್ಬರು ನಮ್ಮೊಡನೆ ಬರುತ್ತಿದ್ದರು. ನಾವು ಅವರನ್ನು 'ಮಾವ' ಎನ್ನುತ್ತಿದ್ದೆವು. ನಮಗೆ ಒಳಗೆ ಬೆಂಚು, ಸ್ಟೀಲ್ ಲೋಟ. ಮಾವ ಹೊರಗಿನ ಗೋಡೆಯ ಗೂಡಿನಿಂದ ಗಾಜಿನ ಲೋಟ ತೆಗೆದು, ತಾವೇ ತೊಳೆದು, ಟೀ ಹೊಯ್ಯಿಸಿಕೊಂಡು, ಕುಕ್ಕರುಗಾಲಲ್ಲಿ ಕೂತು ಕುಡಿದು, ಮತ್ತೆ ತೊಳೆದು ಗೂಡಿನಲ್ಲಿಡುತ್ತಿದ್ದರು. ಅಬ್ಬಾ ಏನೂ ಹೇಳಲಿಲ್ಲ. ನಾವು ವಡೆ ತಿಂದೆವು. ಪ್ರಬಂಧದಲ್ಲಿ ವಡೆಯ ಗರಿಗರಿ ಇತ್ತು, ಗೂಡಿನ ಲೋಟದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಹೋಟೆಲಿಗೆ ಪ್ರವೇಶ ನಿರಾಕರಿಸಬಾರದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಅಸ್ಪೃಶ್ಯತೆ ಆಚರಿಸುವವರನ್ನು ಶಿಕ್ಷಿಸಲು 1955ರಲ್ಲೇ ಕಾಯ್ದೆ ಬಂತು. ನಾವು ನೋಡಿದ್ದು ಅದಾಗಿ ಮೂರು ದಶಕಗಳಿಗೂ ಹೆಚ್ಚು ಕಾಲದ ನಂತರ.

2022ರ ಹೊಸತೊಡಕಿನ ಹೊತ್ತಿಗೆ ಹಲಾಲ್ ಮಾಂಸ ಬಹಿಷ್ಕರಿಸಿ ಎಂಬ ಕರೆ ರಾಜ್ಯದಲ್ಲಿ ಎದ್ದಿತು. ನಮ್ಮ ಕೈಯ ಊಟ ಬೇಡವೆನ್ನುತ್ತಾರಲ್ಲ ಎಂದು ನಮಗೆ ನೋವಾಯಿತು. ಆ ನೋವಿನ ನಡುವೆಯೇ ಮಾವನ ಲೋಟ ನೆನಪಾಯಿತು. ನಮ್ಮನ್ನು ದೂರವಿಟ್ಟದ್ದು ನಮಗೆ ತಕ್ಷಣ ತಿಳಿಯಿತು. ನಮ್ಮೆದುರೇ ಇನ್ನೊಬ್ಬರನ್ನು ದೂರವಿಟ್ಟದ್ದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ದಸ್ತರ್‌ಖಾನಿನ ಸಮಾನತೆಯ ಬಗ್ಗೆ ಹೆಮ್ಮೆಯಿಂದ ಮಾತಾಡುವ ನಾವು ಅಂದು ಒಳಗಿನ ಬೆಂಚಿನಿಂದ ಎದ್ದು ಬಂದು ಮಾವನ ಪಕ್ಕ ಕೂರಬಹುದಿತ್ತು. ಕೂರಲಿಲ್ಲ.

ಆದ್ದರಿಂದ ಊರೂರು ತಿರುಗಿ ಊಟದ ಬಗ್ಗೆ ಬರೆಯುವವರಲ್ಲಿ ನಮ್ಮದೊಂದು ವಿನಂತಿ. ಉಪ್ಪು-ಹುಳಿ-ಖಾರ ಬರೆಯಿರಿ, ಬೆಲೆ ಬರೆಯಿರಿ. ಜೊತೆಗೆ ಹೊರಗೆ ಯಾರು ನಿಂತಿದ್ದರು, ಅವರ ಲೋಟ ಎಲ್ಲಿತ್ತು ಎಂಬುದನ್ನೂ ಎರಡು ಸಾಲಿನಲ್ಲಿ ಬರೆಯಿರಿ. ನಾವು ನಮ್ಮ ಪಟ್ಟಿಯಿಂದ ಆ ವಡೆಯ ಹೋಟೆಲನ್ನು ತೆಗೆದಿದ್ದೇವೆ. ಮಧುಗಿರಿಯ ಅಜ್ಜಿಯನ್ನು, ಆ ನೀರು ಚಟ್ನಿಯ ಸಮೇತ, ಮೊದಲಿಗೆ ಸೇರಿಸಿದ್ದೇವೆ.