ಕುಂಚ ಕಸಿದುಕೊಳ್ಳದ ಮೇಷ್ಟ್ರು

ಪದವಿ ವಿದ್ಯಾರ್ಥಿಗಳಿಂದ ಹಣ್ಣುನೊಣದ ಸಂಶೋಧನೆ ಮಾಡಿಸುವ ಒಳ್ಳೆಯ ಮೇಷ್ಟ್ರ ಕೈಗಳನ್ನು ಗಮನಿಸಿ. ಅವು ಬೆನ್ನ ಹಿಂದಿರುತ್ತವೆ. ನೊಣಗಳ ಆಹಾರವಾದ ರವೆ, ಬೆಲ್ಲ, ಯೀಸ್ಟಿನ ಹುಳಿವಾಸನೆಯ ನಡುವೆ, ಈಥರ್‌ನಿಂದ ಮಂಪರುಗೊಂಡ ನೊಣಗಳನ್ನು ವಿದ್ಯಾರ್ಥಿನಿ ಕುಂಚದ ತುದಿಯಲ್ಲಿ ಬೇರ್ಪಡಿಸುತ್ತಾಳೆ. ಕೋಶದಿಂದ ಹೊರಬಂದ ಸುಮಾರು 8 ಗಂಟೆಯೊಳಗೆ ಆರಿಸಿದರಷ್ಟೇ ಹೆಣ್ಣು ಇನ್ನೂ ಗಂಡಿನೊಡನೆ ಕೂಡಿಲ್ಲವೆಂಬ ಭರವಸೆ; ಹೊಟ್ಟೆಯೊಳಗಿನ ಕಪ್ಪು ಚುಕ್ಕಿ ಎಳೆಯದೆಂಬ ಗುರುತು. ಮೇಷ್ಟ್ರು ಚುಕ್ಕಿಯತ್ತ ಬೆರಳು ತೋರಿಸುವುದಿಲ್ಲ. ‘ಇದು ಎಳೆಯದೆಂದು ಹೇಗೆ ಗೊತ್ತಾಯಿತಮ್ಮ?’ ಎಂದಷ್ಟೇ ಕೇಳಿ ಕಾಯುತ್ತಾರೆ. ಆ ಕಾಯುವಿಕೆ ಎಂಥ ಕಸುಬು! ಸಂಕರದ ಎರಡನೇ ಪೀಳಿಗೆಯಲ್ಲಿ ಗುಣಗಳ ಅನುಪಾತ 3:1 ಬರಬೇಕಾದಲ್ಲಿ ಬೇರೆ ಲೆಕ್ಕ ಬಂದರೆ, ಅಳಿಸಗೊಡದೆ ತಾರೀಖು ಹಾಕಿಸಿ ಹಾಗೆಯೇ ಬರೆಸುತ್ತಾರೆ. ಪಾಠ, ಮೌಲ್ಯಮಾಪನಗಳ ನಡುವೆ ಬಿಡುವು ಹಿಂಡಿ ಮಾಡುವ ಕೆಲಸವಿದು. ಕಾಲೇಜುಗಳು ಈ ಗಂಟೆಗಳನ್ನೂ ಅವರ ಕಾರ್ಯಭಾರಕ್ಕೆ ಸೇರಿಸಲಿ.